ಗಣದ ಪಂಕ್ತಿ ಮತ್ತು ನನ್ನ ಅಡಿಟಿಪ್ಪಣಿ

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ ತಾಳೆಗರಿ ಓದಲೂ ಬರುತ್ತದೆ ಎನ್ನುವ ಸುದ್ದಿ ನ್ಯಾಮತಿ ಕಡೆಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಒಂದು ಏಪ್ರಿಲ್ ಬೆಳಿಗ್ಗೆ ಚನ್ನಗಿರಿಯ ನನ್ನ ಮನೆ ಮುಂದೆ ಕಾರು ನಿಂತಿತು. ಇಳಿದವರು ಆ ಕಡೆಯ ಒಂದು ಹಳೆಯ ಗದ್ದುಗೆಯ ಪ್ರಕಟಣಾ ಸಮಿತಿಯ ಅಧ್ಯಕ್ಷರು. ಅವರ ಹಿಂದೆ ಡ್ರೈವರ್, ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದ.

"ನಮ್ಮ ಕೆರೆ ಏರಿಯ ಗಣಚರಿತೆ ಇದು. ಇಷ್ಟು ವರ್ಷ ಗರಿಯಾಗೇ ಉಳ್ಕೊಂಡು ಬಂದೈತೆ. ಅಚ್ಚು ಹಾಕ್ಸಬೇಕು. ನೀವೇ ಮಾಡ್ಕೊಡಬೇಕು ಸಾರ್" ಅಂದರು.

ಕಥೆ ನನಗೂ ಅಷ್ಟಿಷ್ಟು ಗೊತ್ತಿತ್ತು. ನಾಲ್ಕೈದು ಶತಮಾನದ ಹಿಂದೆ ಒಬ್ಬ ಗುರುವಿನ ಸುತ್ತ ಕುಂಬಾರರು, ಗಾಣಿಗರು, ಅಗಸರು, ವ್ಯಾಪಾರಿಗಳು, ಮಣ್ಣು ಹೊರುವವರು ಸೇರಿ ಒಂದು ಗಣವಾದರು. ತಾವೇ ಕೆರೆ ಕಟ್ಟಿ, ಅದರ ಏರಿಯ ಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಅವರ ವಂಶದವರು ಈಗಲೂ ವರ್ಷಕ್ಕೊಮ್ಮೆ ಗದ್ದುಗೆಯಲ್ಲಿ ಸೇರಿ ಚರಿತೆ ಓದಿಸಿ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಮಣ್ಣು ಹೊರುತ್ತಿದ್ದವರ ವಂಶದವರಿಗೆ ಮಾತ್ರ ಪಂಕ್ತಿಯಲ್ಲಿ ಎಲೆ ಇಲ್ಲ. ಅವರಿಗೆ ಬಾಗಿಲಲ್ಲಿ ಪಡಿ ಕೊಡುತ್ತಾರೆ: ಎರಡು ಸೇರು ಅಕ್ಕಿ, ಒಂದು ಪಾವು ಬೇಳೆ, ಬೆಲ್ಲದ ಉಂಡೆ. ಹಸಿ ದಿನಸಿ, ಮನೆಗೆ ಹೋಗಿ ಬೇಯಿಸಿಕೊಳ್ಳಬೇಕು. ಯಾಕೆ ಹೀಗೆ ಎಂದು ಕೇಳಿದೆ. "ಅವರ ಪಾಪದಿಂದ ಏರಿ ಒಡೀತಂತೆ. ಚರಿತೆಯಾಗೇ ಐತೆ, ನೀವೇ ಓದ್ತೀರಲ್ಲ" ಎಂದರು ಅಧ್ಯಕ್ಷರು. ಅವರದು ಆ ಕಾಲದ ಗಣದ ಯಜಮಾನನ ವಂಶ. ಈಗ ಹೊನ್ನಾಳಿಯಲ್ಲಿ ಮೆಕ್ಕೆಜೋಳದ ದೊಡ್ಡ ವ್ಯಾಪಾರ.

ನಾನು ಚಹಾ ಆರುವ ಮೊದಲೇ ಒಪ್ಪಿಕೊಂಡೆ. ಅದಕ್ಕೆ ವಿದ್ವತ್ತು ಕಾರಣವಲ್ಲ. ನನ್ನ ಅಪ್ಪ ಕಲಾಯಿ ಸಾಬ. ಊರೂರು ತಿರುಗಿ ತಾಮ್ರದ ಪಾತ್ರೆಗೆ ತವರ ಹಚ್ಚುತ್ತಿದ್ದವರು. ಅದೇ ಗದ್ದುಗೆಯ ಹಂಡೆಗಳಿಗೂ ಕಲಾಯಿ ಹಾಕಿ, ಅದೇ ಬಾಗಿಲಲ್ಲಿ ಪಡಿ ಇಸಕೊಂಡು ಬಂದವರು. ಅವರ ಮಗನ ಮನೆಗೆ ಆ ಊರಿನ ಪುರಾಣ ಕಾರಿನಲ್ಲಿ ಬಂದಿತ್ತು. ನನ್ನ ತಲೆ ತಿರುಗಿತು ಎಂದು ಬಾಯಿಬಿಟ್ಟು ಹೇಳುವುದೇ ವಾಸಿ.

ಗರಿಗಳು ನೂರಾ ಹನ್ನೊಂದು. ಮೊದಲ ವಾರ ಒಂದಕ್ಷರವನ್ನೂ ಓದಲಿಲ್ಲ, ಬರೀ ಒರೆಸಿದೆ. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹತ್ತಿಗೆ ಹಾಕಿ ಗರಿಯ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಅಡ್ಡಡ್ಡ ಒರೆಸಿದರೆ ನಾರು ಏಳುತ್ತದೆ. ಕಂಟ ಎನ್ನುವ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರಕ್ಕೆ ಬಣ್ಣವಿರುವುದಿಲ್ಲ. ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲೆಸಿ ಸವರಿ, ಮೇಲಿನದನ್ನು ಒರೆಸಿ ತೆಗೆದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಸಾಲು ಎದ್ದು ಕಾಣುತ್ತದೆ. ಆಮೇಲೆ ಒಂದೊಂದು ಗರಿಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಮೊಬೈಲಿನಿಂದ ಫೋಟೊ ತೆಗೆದೆ. ಹಳೆಯ ಬರಹದಲ್ಲಿ ಪದದ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ. ಪದ್ಯ ಮುಗಿದಲ್ಲಿ ಎರಡು ಗೀಟು, ಅಷ್ಟೇ. ಸಂಧಿ ಮುಗಿದಾಗ ಅದರಲ್ಲಿ ಒಟ್ಟು ಎಷ್ಟು ಪದ್ಯ ಎಂದು ಲಿಪಿಕಾರ ಕೊನೆಯಲ್ಲಿ ಬರೆಯುತ್ತಾನೆ. ಮುಂದಿನ ಕೈ ಯಾವುದನ್ನೂ ಬಿಡದಿರಲಿ ಎಂದು ಮಾಡಿಕೊಂಡ ಕಾವಲು ಅದು.

ಎಂಟನೆಯ ಸಂಧಿಯಲ್ಲಿ ನಾನು ಮುಗ್ಗರಿಸಿದೆ. ಏರಿ ಒಡೆಯುವ ಭಾಗ ಅದು. ಕವಿ ಒಳ್ಳೆಯ ಮಾತುಗಾರ. ಕಲ್ಲು ಎಳೆದ ಎತ್ತುಗಳ ಬಣ್ಣವನ್ನೂ ಬಿಡದೆ ಹೇಳಿದವನು. ಅಂಥವನು ಒಂದು ಪದ್ಯದಲ್ಲಿ ಏರಿ ಒಡೆದು ನೀರು ನುಗ್ಗಿತು ಎಂದು ಹೇಳಿ, ಮರು ಪದ್ಯದಲ್ಲೇ ಮಣ್ಣು ಹೊರುವ ಕುಲ ಪಂಕ್ತಿಯ ಹೊರಗೆ ಪಡಿ ಹಿಡಿದು ನಿಂತಿತು ಎನ್ನುತ್ತಾನೆ. ಯಾಕೆ ಒಡೆಯಿತು, ಯಾರು ವಿಚಾರಿಸಿದರು, ಪಾಪ ಏನು, ಒಂದೂ ಇಲ್ಲ. ಸಂಧಿಯ ಕೊನೆಗೆ ಹೋದೆ. ಪದ್ಯ ಎಪ್ಪತ್ತೆಂಟು ಎಂದಿತ್ತು. ಎಣಿಸಿದೆ, ಎಪ್ಪತ್ತೆರಡು. ಗರಿಯ ಮೇಲೆ ಕಡ್ಡಿ ಇಟ್ಟುಕೊಂಡು ಮತ್ತೆ ಎಣಿಸಿದೆ. ಎಪ್ಪತ್ತೆರಡೇ. ಗರಿ ಕಳೆದಿರಲಿಲ್ಲ, ಗರಿಗಳ ಮೇಲಿನ ಸಂಖ್ಯೆ ಸರಿಯಿತ್ತು. ನಕಲು ಮಾಡುವಾಗ ಯಾರೋ ಆರು ಪದ್ಯ ಬಿಟ್ಟು, ಕೊನೆಯ ಲೆಕ್ಕ ತಿದ್ದುವುದನ್ನು ಮರೆತಿದ್ದರು.

ಇನ್ನೊಂದು ಪ್ರತಿ ಬೇಕಾಗಿತ್ತು. ಹೊನ್ನಾಳಿಯ ಒಂದು ಮನೆಯಲ್ಲಿ ಕಾಗದದ ಪ್ರತಿ ಸಿಕ್ಕಿತು. ಎರಡು ದಿನ ಕೂತು ತಾಳೆ ನೋಡಿದಾಗ ನಿರಾಸೆಯಾಯಿತು. ಗದ್ದುಗೆಯ ಗರಿಯಲ್ಲಿ ಹುಳು ತಿಂದ ಜಾಗಕ್ಕೆಲ್ಲ ಈ ಪ್ರತಿಯಲ್ಲಿ ಚುಕ್ಕೆ ಇಟ್ಟಿದ್ದರು. ಅಂದರೆ ಇದು ಅದನ್ನೇ ನೋಡಿ ಬರೆದದ್ದು. ಪ್ರತಿ ಎರಡಾದರೂ ಸಾಕ್ಷಿ ಒಂದೇ. ಆ ಮನೆಯ ಯಜಮಾನ ನನ್ನ ಮುಖ ನೋಡಿ, "ಜಗಳೂರು ಸೀಮೆಯಾಗೆ ಮಣ್ಣಿನ ಕೆಲ್ಸದೋರ ಮನೇಲಿ ಒಂದು ಕಟ್ಟೈತಂತ್ರೀ. ಅವರಿಗೆ ಓದಾಕೆ ಬರಲ್ಲ, ಪೂಜೆ ಮಾಡ್ತಾರೆ ಅಷ್ಟೇ" ಎಂದರು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಅಲ್ಲಿಂದ ಒಂದು ಶೇರ್ ಆಟೊ, ಆಮೇಲೆ ಕುರಿ ಮಂದೆಯ ಹಿಂದೆ ಅರ್ಧ ಮೈಲಿ ನಡಿಗೆ. ಮನೆಯಲ್ಲಿ ಇಬ್ಬರು ಹೆಂಗಸರು. ಮಗಳು ಅಂಗನವಾಡಿ ಕಾರ್ಯಕರ್ತೆ, ನಲವತ್ತರ ಆಸುಪಾಸು, ನೇರ ಮಾತು. ತಾಯಿಗೆ ಎಪ್ಪತ್ತು ದಾಟಿತ್ತು, ಎರಡೂ ಮೊಣಕಾಲು ಸೋತಿದ್ದವು. ಕಟ್ಟು ಗೂಡಿನಲ್ಲಿ ಕುಂಕುಮ ಮೆತ್ತಿಕೊಂಡು ಕೂತಿತ್ತು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದ ಕೂಡಲೇ ಮಗಳು ಅದನ್ನು ತೆಗೆದು ನನ್ನ ಮಡಿಲಿಗಿಟ್ಟಳು.

"ಇದ್ರಾಗೆ ಏನೈತೆ ಅಂತ ನಮ್ಮ ತಾತಗೆ ಗೊತ್ತಿತ್ತಂತೆ ಸಾರ್. ನಮಗೆ ಹೇಳದಂಗೇ ಹೋಗ್ಬಿಟ್ರು. ಓದಿ, ನಮಗೂ ಒಂದೀಟು ಹೇಳ್ರಿ."

ಅಲ್ಲೇ ಜಗಲಿಯ ಮೇಲೆ ಎಂಟನೆಯ ಸಂಧಿ ಹುಡುಕಿದೆ. ಗದ್ದುಗೆಯ ಪ್ರತಿಗಿಂತ ಹಳೆಯ ಕೈ. ಏರಿ ಒಡೆಯುವ ಪದ್ಯ ಬಂತು, ಮುಂದೆ ಆರು ಪದ್ಯಗಳಿದ್ದವು. ಸಂಧಿಯ ಕೊನೆಯಲ್ಲಿ ಎಪ್ಪತ್ತೆಂಟು ಎಂದಿತ್ತು, ಎಣಿಸಿದರೂ ಎಪ್ಪತ್ತೆಂಟೇ ಬಂತು. ಕನ್ನಡ ಓದಿದ ಮೇಲೆ ಅಂಥ ಸಂತೋಷವನ್ನು ನಾನು ಎರಡು ಸಲ ಕಂಡಿಲ್ಲ.

ಆರು ಪದ್ಯ ಹೇಳುವುದು ಇಷ್ಟು. ಅರಸನ ಕಡೆಯವರು ಕೆರೆ ನೋಡಲು ಬರುತ್ತಾರೆಂದು ಯಜಮಾನ ಹಸಿ ಏರಿಗೇ ನೀರು ನಿಲ್ಲಿಸಲು ಹೇಳಿದ. ಮಣ್ಣು ಕೂರುವ ತನಕ ಬೇಡ ಎಂದು ಮಣ್ಣು ಹೊರುವವರ ಹಿರಿಯಳು ಅವನ ಕಾಲು ಹಿಡಿದಳು. ಕೇಳಲಿಲ್ಲ. ಏರಿ ಒಡೆದು ಕೆಳಗಿದ್ದ ಅವಳ ಕುಲದವರೇ ಸತ್ತರು. ಗಣ ಸೇರಿತು. ಯಜಮಾನನ ಅನ್ನ ಉಂಡವರು ಯಾರೂ ಬಾಯಿ ಬಿಡಲಿಲ್ಲ, ತಪ್ಪನ್ನು ಅವಳ ಮೇಲೆ ಹೊರಿಸಿ ಪಂಕ್ತಿಯಿಂದ ಎಬ್ಬಿಸಿದರು. ತಿರುಗಾಟಕ್ಕೆ ಹೋಗಿದ್ದ ಗುರು ಬಂದು ವಿಚಾರಿಸಿ, ಇನ್ನು ಮೇಲೆ ಮೊದಲ ಎಲೆ ಅವಳ ಕುಲಕ್ಕೆ, ಯಜಮಾನ ಬಾಗಿಲಲ್ಲಿ ಪಡಿ ತೆಗೆದುಕೊಳ್ಳಲಿ ಎಂದ. ಗಣ ತಲೆದೂಗಿ, ಗುರು ಹೋದ ಮೇಲೆ ಹಳೆಯದನ್ನೇ ನಡೆಸಿತು. ಇದನ್ನು ಬರೆಯುವ ನಾನೂ ಆ ಪಂಕ್ತಿಯಲ್ಲೇ ಉಂಡವನು ಎಂದು ಕವಿ ಆರನೆಯ ಪದ್ಯ ಮುಗಿಸುತ್ತಾನೆ.

ನಾನು ಬಿಡಿಸಿ ಹೇಳಿದೆ. ಮಗಳು ಸೆರಗು ಬಾಯಿಗೆ ಹಿಡಿದುಕೊಂಡಳು. ತಾಯಿ ನನ್ನನ್ನೇ ನೋಡುತ್ತಿದ್ದಳು.

"ಹಂಗಾರೆ ನಮ್ಮೋರು ತಪ್ಪು ಮಾಡಿರ್ಲಿಲ್ಲೇನಪ್ಪಾ?"

"ಇಲ್ಲಮ್ಮ."

"ಒಂದ್ಸಲ ಅಲ್ಲಿ ಕುಂತು ಉಣ್ಣಬೇಕು ಕಣಪ್ಪ. ಬ್ಯಾರೆ ಏನೂ ಬ್ಯಾಡ. ಕಾಲು ಬಿದ್ದೋಗ್ತಾ ಐತೆ, ಬರೋ ವರ್ಷ ಬಸ್ ಹತ್ತಾಕೆ ಆಗ್ತೈತೋ ಇಲ್ವೋ."

ಹೀಗೆ ಪಂಕ್ತಿಗೆ ಸೇರಿಸದಿರುವುದು ಕಾನೂನಿಗೆ ವಿರೋಧ, ದೂರು ಕೊಡಬಹುದು ಎಂದು ನಾನು ಮೇಷ್ಟ್ರ ಗತ್ತಿನಲ್ಲಿ ಹೇಳಿದೆ. ಮಗಳು ನಕ್ಕಳು. "ಗೊತ್ತೈತೆ ಸಾರ್. ಕೇಸು ಹಾಕಿ ಕುಂತ್ರೆ ಅದು ಪೊಲೀಸರ ಪಂಕ್ತಿ ಆಗ್ತೈತೆ, ಗಣದ್ದಲ್ಲ ಅಂತಾಳೆ ನಮ್ಮವ್ವ. ಅವರೇ ಎಲೆ ಹಾಕಬೇಕಂತೆ."

"ಇದು ಅಚ್ಚಾಗುತ್ತದೆ. ಆಮೇಲೆ ಅವರೇ ಹಾಕಬೇಕಾಗುತ್ತದೆ" ಎಂದೆ. ಮಾತು ಕೊಟ್ಟೆ. ಕಟ್ಟು ತೆಗೆದುಕೊಂಡು ಬಂದೆ.

ಮುಂದಿನ ಸೋಮವಾರ ಹೊನ್ನಾಳಿಯಲ್ಲಿ ಅಧ್ಯಕ್ಷರ ಗೋಡೌನಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ಕೇಳಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗುತ್ತಿದ್ದೆನೇನೋ.

"ಬಿಟ್ಬಿಡ್ರಿ ಸಾರ್ ಅದನ್ನ. ನಮ್ಮ ಪ್ರತಿಯಾಗೆ ಇಲ್ಲ, ಹೊನ್ನಾಳಿ ಪ್ರತಿಯಾಗೂ ಇಲ್ಲ."

"ಅವೆರಡೂ ಒಂದೇ ಸಾರ್. ಸಂಧಿಯ ಕೊನೆಯ ಲೆಕ್ಕ ನೋಡಿ..."

"ಲೆಕ್ಕ ನೀವು ನೋಡೀರಿ, ನಾನು ಜನ ನೋಡೀನಿ." ಕನ್ನಡಕ ತೆಗೆದರು. "ನಾನು ಬ್ಯಾರೆ ಯಾರನ್ನೂ ಕರೀದೆ ನಿಮ್ಮನ್ನ ಯಾಕೆ ಕರೆದೆ? ನಿಮ್ಮ ಅಪ್ಪ ನಮ್ಮ ಹಂಡೆಗೆ ಕಲಾಯಿ ಹಾಕಿದೋರು, ನಮ್ಮೋರು ಅಂತ. ನಾಳೆ ಯಾರಾದ್ರೂ ಎದ್ದು, ಒಬ್ಬ ಸಾಬರು ನಮ್ಮ ಪುರಾಣಕ್ಕೆ ಇಲ್ಲದ್ದು ಸೇರಿಸಿದ್ರು ಅಂದ್ರೆ ನಾನು ತಡೆಯಾಕೆ ಆಗಲ್ಲ. ಕಾಲ ಹೆಂಗೈತೆ ನಿಮಗೇ ಗೊತ್ತಲ್ರೀ."

ಆಮೇಲೆ ಮಂಡಕ್ಕಿ ತರಿಸಿದರು. ತಿಂದೆ.

ಭಯವಾಯಿತೇ ಎಂದರೆ ಆಯಿತು. ಆಧಾರವಿಲ್ಲದ ಭಯವೂ ಅಲ್ಲ. ಮೊಬೈಲಿನಲ್ಲಿ ಒಂದು ಸುದ್ದಿ ಹಬ್ಬಿದರೆ ಕಾಲೇಜಿನ ಗೇಟಿನಲ್ಲಿ ಯಾರು ಬಂದು ನಿಲ್ಲುತ್ತಾರೆ ಎಂದು ನನಗೆ ಗೊತ್ತು. ಹೆಂಡತಿ, "ನಮಗ್ಯಾಕೆ ಅವರವರ ಜಗಳ" ಎಂದಳು. ಆದರೆ ಈ ಭಯವನ್ನು ಇಲ್ಲಿ ನನ್ನ ವಕೀಲನನ್ನಾಗಿ ನಿಲ್ಲಿಸಿಕೊಳ್ಳಲಾರೆ. ನನಗೆ ಮೂರು ದಾರಿಗಳಿದ್ದವು. ಪದ್ಯಗಳನ್ನು ಅದರ ಜಾಗದಲ್ಲಿ ಅಚ್ಚು ಹಾಕುವುದು ಒಂದು. ಕೆಲಸ ಬಿಟ್ಟು ಎರಡೂ ಕಟ್ಟನ್ನು ಅವರವರಿಗೆ ಹಿಂದಿರುಗಿಸುವುದು ಇನ್ನೊಂದು. ಅಧ್ಯಕ್ಷರು ಹೇಳಿದಂತೆ ಬಿಟ್ಟುಬಿಡುವುದು ಮತ್ತೊಂದು. ಬಿಟ್ಟಿದ್ದರೆ ಕದ್ದೆ ಎಂದಾದರೂ ನನಗೆ ತಿಳಿದಿರುತ್ತಿತ್ತು. ನಾನು ನಾಲ್ಕನೆಯದನ್ನು ಹುಡುಕಿದೆ. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಗ್ರಂಥಸಂಪಾದನೆಯಲ್ಲಿ ಒಂದು ನಿಯಮವಿದೆ. ಬೇರೆ ಪ್ರತಿಗಳಲ್ಲಿಲ್ಲದೆ ಒಂದೇ ಪ್ರತಿಯಲ್ಲಿರುವ ಪದ್ಯವನ್ನು ಅನುಮಾನದಿಂದ ನೋಡು, ಮೂಲದಿಂದ ಇಳಿಸಿ ಅಡಿಟಿಪ್ಪಣಿಯಲ್ಲಿ ಕೊಡು. ನಿಯಮ ಒಳ್ಳೆಯದೇ. ನಾನು ಅದರ ಹಿಂದೆ ಅಡಗಿದೆ. ಆರು ಪದ್ಯಗಳನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇಳಿಸಿ, ಅದರ ಕೆಳಗೆ ಒಂದು ಸಾಲು ಬರೆದೆ: ಈ ಪದ್ಯಗಳು ಮೂರರಲ್ಲಿ ಒಂದೇ ಪ್ರತಿಯಲ್ಲಿವೆ, ಪ್ರಕ್ಷಿಪ್ತವೆಂದು ತೋರುತ್ತದೆ. ಪ್ರಕ್ಷಿಪ್ತ ಎಂದರೆ ಆಮೇಲೆ ಯಾರೋ ಹೆಣೆದು ಸೇರಿಸಿದ್ದು. ಮೂರರಲ್ಲಿ ಎರಡು ಪ್ರತಿ ನಿಜಕ್ಕೂ ಒಂದೇ ಎನ್ನುವುದನ್ನು ಮುನ್ನುಡಿಯಲ್ಲಿ ಎತ್ತಲಿಲ್ಲ. ಇನ್ನೂ ಒಂದು ಕೆಲಸ ಬಾಕಿ ಇತ್ತು, ಅದನ್ನೂ ಮಾಡಿದೆ. ಸಂಧಿಯ ಕೊನೆಯಲ್ಲಿ ಲಿಪಿಕಾರ ಬರೆದಿದ್ದ ಎಪ್ಪತ್ತೆಂಟನ್ನು ಹೊಡೆದು ಎಪ್ಪತ್ತೆರಡು ಮಾಡಿದೆ. ಶತಮಾನದ ಹಿಂದೆ ಪದ್ಯ ಕದ್ದವನು ತಿದ್ದಲು ಮರೆತದ್ದನ್ನು ನಾನು ನೆನಪಿಟ್ಟುಕೊಂಡು ತಿದ್ದಿದೆ.

ಅಧ್ಯಕ್ಷರಿಗೆ ಕರಡು ತೋರಿಸಿದಾಗ ಅವರು ಮೊದಲು ಹುಬ್ಬು ಗಂಟಿಕ್ಕಿದರು. ಆ ಸಾಲನ್ನು ಎರಡು ಸಲ ಓದಿಸಿಕೊಂಡ ಮೇಲೆ, "ಇದು ಇರ್ಲಿ ಸಾರ್. ಇದು ಬಿಡೋದಕ್ಕಿಂತ ಚಲೋ ಐತೆ" ಎಂದರು. ಅವರಿಗೆ ಆ ಕ್ಷಣವೇ ಅರ್ಥವಾಗಿತ್ತು. ನನಗೆ ಅರ್ಥವಾಗದ ಹಾಗೆ ಇರುವುದು ಅನುಕೂಲವಾಗಿತ್ತು.

ಪುಸ್ತಕ ಬಂದ ಮೇಲೆ ಒಂದು ಪ್ರತಿಯನ್ನೂ ಅವರ ಕಟ್ಟನ್ನೂ ಜಗಳೂರಿಗೆ ನನ್ನ ಶಿಷ್ಯನೊಬ್ಬನ ಕೈಲಿ ಕಳಿಸಿದೆ. ನಾನೇ ಹೋಗಲಿಲ್ಲ. ಎರಡು ದಿನದ ಮೇಲೆ ಮಗಳು ಫೋನ್ ಮಾಡಿದಳು. ದನಿ ಕುಣಿಯುತ್ತಿತ್ತು.

"ಬಂದೈತೆ ಸಾರ್! ಆರಕ್ಕೆ ಆರೂ ಐತೆ. ಸಣ್ಣ ಅಕ್ಷರ ಆದ್ರೇನು, ಅಚ್ಚಾಗೈತಲ್ಲ. ಅವ್ವಗೆ ದಿನಾ ಓದಿ ಹೇಳ್ತೀನಿ. ಅಲ್ಲಾ ಸಾರ್, ಕೊನೇಗೆ ಪ್ರಕ್ಷಿಪ್ತ ಅಂತ ಹಾಕೀರಲ್ಲ, ಹಂಗಂದ್ರೇನು?"

ನಾನು ಆಗ ಹೇಳಬಹುದಿತ್ತು. ಅಷ್ಟು ಹೊತ್ತಿಗೂ ಕಾಲ ಮಿಂಚಿರಲಿಲ್ಲ.

"ಅದೊಂದು ಸಂಪಾದನೆಯ ಪದ. ತಲೆ ಕೆಡಿಸಿಕೊಳ್ಳಬೇಡಿ" ಎಂದೆ.

"ಹಂಗಾರೆ ಈ ಸಲ ಅವ್ವನ್ನ ಕರ್ಕಂಡು ಬತ್ತೀನಿ. ನೀವೂ ಇರ್ತೀರಲ್ಲ ಸಾರ್?"

ಇರುತ್ತೇನೆ ಎಂದೆ.

ಪಂಕ್ತಿಯ ದಿನ ಚನ್ನಗಿರಿಯಿಂದ ಹೊನ್ನಾಳಿಗೆ ಹೋಗಿ, ಅಲ್ಲಿಂದ ಅಧ್ಯಕ್ಷರ ಕಾರಿನಲ್ಲೇ ಹೋದೆ. ಬೆಳಿಗ್ಗೆ ಪಾರಾಯಣ, ಮಧ್ಯಾಹ್ನ ಊಟ, ಆಮೇಲೆ ಪುಸ್ತಕ ಬಿಡುಗಡೆ. ನನಗೆ ಶಾಲು ಹೊದಿಸಿ ಮೊದಲ ಸಾಲಿನಲ್ಲಿ ಅಧ್ಯಕ್ಷರ ಪಕ್ಕ ಕೂರಿಸಿದರು. ನನ್ನ ಮುಂದೆ ಬಾಳೆ ಎಲೆ. ನೀರು ಚಿಮುಕಿಸಿ ಒರೆಸಿಕೊಂಡೆ. ಬಾಗಿಲಲ್ಲಿ ಪಡಿ ಅಳೆಯುತ್ತಿದ್ದವನ ಹತ್ತಿರ ಹತ್ತಿಪ್ಪತ್ತು ಜನ ಚೀಲ ಹಿಡಿದು ನಿಂತಿದ್ದರು.

ಅವರ ನಡುವಿನಿಂದ ತಾಯಿ ಮಗಳು ಒಳಗೆ ಬಂದರು. ತಾಯಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಮಗಳ ಹೆಗಲು ಹಿಡಿದು ನಿಧಾನವಾಗಿ ನಡೆದು, ಸಾಲಿನ ಮೊದಲ ಎಲೆಯ ಮುಂದೆ ನಿಂತಳು. ಆ ಎಲೆಯನ್ನು ಗುರುವಿನ ಹೆಸರಿನಲ್ಲಿ ಖಾಲಿ ಬಿಡುವುದು ವಾಡಿಕೆ. ಮುದುಕಿ ಕೈ ಊರಿ, ಮೊಣಕಾಲು ಮಡಿಸಲು ಒದ್ದಾಡಿ, ಅದರ ಮುಂದೆ ಕೂತಳು. ಬಡಿಸುವವರು ಪಾತ್ರೆ ಹಿಡಿದು ಹಾಗೇ ನಿಂತರು.

ಮಗಳು ಪುಸ್ತಕ ತೆರೆದು ಹಿಡಿದಳು. ಗುರುತಿಗೆ ಅಂಗನವಾಡಿಯ ಬಣ್ಣದ ಕಾಗದ ಇಟ್ಟಿದ್ದಳು. "ನೀವೇ ಅಚ್ಚು ಹಾಕ್ಸಿರೋ ಚರಿತೆ. ಮೊದಲ್ನೇ ಎಲೆ ನಮ್ಮದು ಅಂತ ಗುರುವೇ ಹೇಳ್ಯಾರೆ. ಬಡಿಸ್ರಿ" ಎಂದಳು. ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಹಿಂದಿನಿಂದ ಕೂಗಿದರು. ಅಧ್ಯಕ್ಷರು ಕೈ ಎತ್ತಿ ಸುಮ್ಮನಿರಿಸಿದರು.

ಎದ್ದು ಹೋಗಿ ಅವಳ ಕೈಯಿಂದಲೇ ಪುಸ್ತಕ ಇಸಕೊಂಡರು. "ಬೈಬೇಡ್ರಿ ಯಾರೂ. ಕೇಳ್ಯಾಳೆ, ಹೇಳಾಣ" ಎಂದು ಪದ್ಯಗಳನ್ನು ಬಿಟ್ಟು ಅದರ ಕೆಳಗಿನ ನನ್ನ ಸಾಲನ್ನು ಗಟ್ಟಿಯಾಗಿ ಓದಿದರು. "ಪ್ರಕ್ಷಿಪ್ತ ಅಂದ್ರೆ ಯಾರೋ ಆಮ್ಯಾಗೆ ಸೇರಿಸಿದ್ದು ಅಂತ ತಾಯಿ. ಇದನ್ನ ನಾನು ಬರೆದಿಲ್ಲ. ಓದ್ಕಂಡೋರು ಬರೆದಿದ್ದು. ನಾವು ನಿಮ್ಮನ್ನ ಬ್ಯಾಡ ಅಂತಿಲ್ಲ, ಚರಿತೆ ಬ್ಯಾಡ ಅಂತೈತೆ."

ಮಗಳು ಅವರನ್ನು ನೋಡಲೇ ಇಲ್ಲ. ನನ್ನನ್ನು ನೋಡಿದಳು.

"ಸಾರ್, ನಮ್ಮ ಜಗಲಿ ಮ್ಯಾಲೆ ಕುಂತು ಎಣಿಸಿದ್ರಲ್ಲ ನೀವು. ಖರೇನಾ ಇದು? ಒಂದು ಮಾತು ಹೇಳ್ರಿ ಸಾಕು."

ಒಂದು ಮಾತು ಸಾಕಿತ್ತು. ಎಪ್ಪತ್ತೆಂಟು ಎಂದಿದ್ದರೂ ಸಾಕಿತ್ತು. ಗದ್ದುಗೆಯ ಕಟ್ಟು ಹತ್ತು ಮಾರು ದೂರದಲ್ಲಿ ಪೀಠದ ಮೇಲಿತ್ತು. ತೆರೆದು ತೋರಿಸಬಹುದಿತ್ತು. ನೂರಾರು ಮುಖಗಳು ನನ್ನ ಕಡೆ ತಿರುಗಿದ್ದವು. ನನಗೆ ನಾನು ಕಲಾಯಿ ಸಾಬನ ಮಗ ಎನ್ನುವುದು ಮಾತ್ರ ನೆನಪಿತ್ತು, ಅದೂ ತಪ್ಪು ರೀತಿಯಲ್ಲಿ: ಅಪ್ಪ ನಿಂತಿದ್ದ ಬಾಗಿಲಲ್ಲ, ನನಗೆ ಸಿಕ್ಕಿದ್ದ ಎಲೆ ಕಣ್ಣಿಗೆ ಬಿತ್ತು.

"ಪುಸ್ತಕದಲ್ಲಿ ಇರುವುದೇ ನನ್ನ ಅಭಿಪ್ರಾಯ" ಎಂದೆ.

ಮುದುಕಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂದ್ರು ಸಾಹೇಬ್ರು?" ಎಂದು ಮಗಳನ್ನು ಕೇಳಿದಳು.

"ನಮ್ಮ ಗರಿ ಸುಳ್ಳಂತವ್ವಾ. ಏಳು."

ಮುದುಕಿ ತಕ್ಷಣ ಏಳಲಿಲ್ಲ. ಮುಂದಿದ್ದ ಎಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಉಂಡು ಎದ್ದವರು ಮಡಿಸುವ ಹಾಗೆ ಅದನ್ನು ತನ್ನ ಕಡೆಗೆ ಮಡಿಸಿದಳು. ಒಂದು ಅಗುಳೂ ಬಿದ್ದಿರದ ಎಲೆ. ಬೇರೆಯವರು ಮುಟ್ಟಿ ತೆಗೆಯುವಂತಾಗಬಾರದು ಎಂದೋ ಏನೋ, ಅದನ್ನು ತಾನೇ ಎತ್ತಿಕೊಂಡು ಮಗಳ ಹೆಗಲು ಹಿಡಿದು ಎದ್ದಳು. ಬಾಗಿಲಲ್ಲಿ ಪಡಿಯವನು ಸೇರು ತುಂಬಿ ಕರೆದ. ಇಬ್ಬರೂ ನಿಲ್ಲಲಿಲ್ಲ.

ಆ ಜಾಗಕ್ಕೆ ಇನ್ನೊಂದು ಎಲೆ ಹಾಕಿದರು. ಬಡಿಸಲು ಶುರು ಮಾಡಿದರು. ನನಗೆ ಕೋಸಂಬರಿ, ಪಲ್ಯ, ಹುಗ್ಗಿ, ಅನ್ನ, ಸಾರು ಬಂದವು. ಅಧ್ಯಕ್ಷರು ನನಗೆ ತಾವೇ ತುಪ್ಪ ಹಾಕಿದರು. ನಾನು ಉಂಡೆ.

ಊಟವಾದ ಮೇಲೆ ವೇದಿಕೆಗೆ ಕರೆದರು. ಭಾಷಣವನ್ನು ವಾರದ ಹಿಂದೆಯೇ ಬರೆದಿಟ್ಟುಕೊಂಡಿದ್ದೆ. ಒಂದಕ್ಷರ ಬದಲಿಸದೆ ಓದಿದೆ. ಕುಲ ನೋಡದೆ, ಸಿರಿತನ ನೋಡದೆ ಒಂದೇ ಪಂಕ್ತಿಯಲ್ಲಿ ಕೂತು ಉಂಡ ಗಣ ಇದು ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಕೊನೆಯಲ್ಲಿ, ಅಪರೂಪದ ಪ್ರತಿಯನ್ನು ನಂಬಿ ಕೊಟ್ಟ ಜಗಳೂರು ಕಡೆಯ ಕುಟುಂಬಕ್ಕೆ ಕೃತಜ್ಞತೆ ಹೇಳುವ ಸಾಲಿತ್ತು. ಅದನ್ನೂ ಓದಿದೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.